ರಾಜರ ಕೈಲಿದ್ದ ಗೂಟ

“ಮಂಡಿ ಊರ್ಲಾ ಬೋಳಿಮಗ್ನೆ! ಗ್ವಾಡೆ ಮ್ಯಾಲೆ ನಿನ್ನ ಮೂತಿ ಬರೀತಾವ್ರೆ ಅಂದ್ರೆ ಸೊಕ್ಕು ಬಂದ್ಬುಡ್ತಾ?”

ಹಳೇಕೋಟೆ ಕಡೆಯ ಕೆರೆ ಏರಿಯ ಮೇಲೆ ಪುಟ್ಟಸ್ವಾಮಿಗೌಡರು ಕೂಗಾಡುತ್ತಿದ್ದರು. ಕೆರೆ ಕಟ್ಟಿಸಿದ ರಾಜರ ನೆನಪಿಗೆ ಅಲ್ಲೊಂದು ಗೋಡೆ ಎದ್ದಿತ್ತು. ಹಾಸನದ ಪೇಂಟರ್ ಪರಮೇಶ್ ಚಿತ್ರ ಬರೆಯುತ್ತಿದ್ದ. ರಾಜರ ಕಾಲ ಬಳಿ ಕೈಮುಗಿದು ಕೂರುವ ಪ್ರಜೆಗೊಂದು ಮುಖ ಬೇಕಿತ್ತು. ಗೌಡರ ಕಣ್ಣಿಗೆ ನೀರುಗಂಟಿ ನಂಜಪ್ಪ ಬಿದ್ದಿದ್ದ.

ನಂಜಪ್ಪನಿಗೆ ಅನುಮಾನ. ತಾತನ ಕಾಲದಿಂದ ಆ ಕೆರೆಯ ತೂಬು ತೆಗೆದು ಊರ ಗದ್ದೆಗೆಲ್ಲ ನೀರು ಬಿಟ್ಟ ಮನೆ ಅವನದು. ಇಷ್ಟು ವರ್ಷ ಜಗಲಿ ಹತ್ತಿಸದವರು ಇವತ್ತು ಗೋಡೆಯಲ್ಲೇ ಜಾಗ ಕೊಡುತ್ತಾರೆಂದರೆ ಯಾವ ಹುಚ್ಚ ನಂಬುತ್ತಾನೆ? ಗೌಡರು ಮೊಬೈಲನ್ನು ಎದೆಯೆತ್ತರಕ್ಕೆ ಹಿಡಿದುಕೊಂಡೇ ಬೈಯುತ್ತಿದ್ದುದೂ ಸರಿಬರಲಿಲ್ಲ.

“ಮಂಡಿ ಊರ್ಕಂಡು ತೂಬು ತೆಗ್ಯಕಾಗಲ್ಲ ಗೌಡ್ರೇ. ನಿಂತಂಗೇ ಬರುಸಿ.”

“ನೀನ್ಯಾಕ್ಲಾ ತೆಗೀತೀಯ? ರಾಜ್ರು ತೆಗೀತಾರೆ.”

ನಂಜಪ್ಪ ಗೋಡೆ ನೋಡಿದ. ರಾಜರ ಕಿರೀಟದ ಮೇಲೆ ಸರ್ಕಾರಿ ಮುದ್ರೆಯ ಸಿಂಹಗಳು. ಬೆನ್ನ ಹಿಂದೆ ಮೂರು ಬಣ್ಣದ ಬಾವುಟ. ಕೈಯಲ್ಲಿ ತೂಬು ತೆಗೆಯುವ ಗೂಟ, ಅದಕ್ಕೆ ಚಿನ್ನದ ಬಣ್ಣ.

“ಅವರ ಕಾಲ್ದಾಗೆ ಈ ಬಾವುಟ ಎಲ್ಲಿತ್ತು ಸಾ?” ಎಂದು ಪರಮೇಶನನ್ನು ಕೇಳಿದ.

“ಅವ್ರು ಯೇಳ್ದಂಗೆ ಬರೀತೀನಪ್ಪ,” ಎಂದು ಪರಮೇಶ್ ಕುಂಚ ಅದ್ದಿದ.

“ದೇಸದ್ ಬಾವುಟಕ್ಕೇ ಎದ್ರು ಮಾತಾಡ್ತೀಯೇನ್ಲಾ?” ಗೌಡರು ರೇಗಿದರು. “ತೂಬು ಬ್ಯಾರೇರಿಗೆ ಕೊಡುಸ್ತೀನಿ. ತೂಬಿನ್ ಕೆಲ್ಸುಕ್ಕೆ ಅಂತ ಕೊಟ್ಟಿರ ಗದ್ದೆನೂ ಓಯ್ತದೆ, ತಿಳ್ಕ.”

ನಂಜಪ್ಪನ ಮಕ್ಕಳ ಅನ್ನ ಆ ಗದ್ದೆಯದು. ಆದರೂ ಮಂಡಿ ಊರದೆ ಮನೆಗೆ ನಡೆದ.

ಅನಾವರಣದ ದಿನ ಗೌಡರೇ ಬೈಕ್ ಕಳಿಸಿ ಅವನನ್ನು ಕರೆಸಿದರು. ಮಂತ್ರಿಗಳು ಪರದೆ ಎಳೆದ ಕೂಡಲೇ ಕಾಲುವೆಗೆ ನೀರು ನುಗ್ಗಬೇಕಿತ್ತು. ಗೌಡರು ತೂಬಿಗೆ ಹಾಕಿದ್ದ ಹೊಸಬರಿಬ್ಬರು ಇಳಿದು ಜಗ್ಗಾಡಿದ್ದರು, ಗೂಟ ಅಲುಗಿರಲಿಲ್ಲ. ಮೊದಲು ಎಡಕ್ಕೆ ತಿರುವಿ ಆಮೇಲೆ ಎತ್ತಬೇಕೆಂಬುದು ನಂಜಪ್ಪನ ಕೈಗೆ ಮಾತ್ರ ಗೊತ್ತು. ಅವನು ಕುತ್ತಿಗೆಮಟ್ಟ ನೀರಿಗಿಳಿದು ಗೂಟ ಹಿಡಿದು ನಿಂತ.

ಪರದೆ ಸರಿಯಿತು. ರಾಜರ ಕಾಲ ಬಳಿ ಮಂಡಿಯೂರಿ ಕೈಮುಗಿದವನಿಗೆ ನಂಜಪ್ಪನದೇ ಮುಖ. ಗೌಡರ ಮೊಬೈಲು ಅವತ್ತು ಮಾಡಿದ ಕೆಲಸ ಈಗ ಹೊಳೆಯಿತು. ಜನ ಚಪ್ಪಾಳೆ ತಟ್ಟಿದರು.

“ನೀರು ಬುಡ್ಲಾ!” ಗೌಡರು ಏರಿಯಿಂದ ಬಗ್ಗಿ ಗದರಿದರು.

ನಂಜಪ್ಪ ಗೂಟದಿಂದ ಕೈ ತೆಗೆದ.

“ರಾಜ್ರ ಕೈಲೇ ಐತಲ್ಲ ಗೌಡ್ರೇ ಗೂಟ. ಅವರ್ನೇ ಕೇಳಿ.”

ಅಷ್ಟರಲ್ಲಿ ಮೈಕಿನಲ್ಲಿ ರಾಷ್ಟ್ರಗೀತೆ ಶುರುವಾಯಿತು. ಬಾಯಿಗೆ ಬಂದ ಬೈಗುಳ ನುಂಗಿ ಗೌಡರು ನೆಟ್ಟಗೆ ನಿಂತರು. ಮಂತ್ರಿಗಳೂ ನಿಂತರು. ನೀರೊಳಗೆ ನಂಜಪ್ಪನೂ ನಿಂತ. ಕಾಲುವೆಯಲ್ಲಿ ಒಂದು ಹನಿ ನೀರಿರಲಿಲ್ಲ. ಗೋಡೆಯ ಮೇಲಿನವನೊಬ್ಬ ಮಾತ್ರ ಮಂಡಿಯೂರಿಯೇ ಇದ್ದ.