ಕಾಲು ತೊಳೆಯುವ ಕೊಡ

ಕಾಸ್ಟಿಕ್ ಸೋಡಾ ಬಿದ್ದದ್ದೇ ತಡ, ಮಣ್ಣಿನ ಕೊಡದೊಳಗಿನ ನೀರು ಗುರ್ರೆಂದು ಬಿಸಿಯಾಯಿತು. ನರ್ಮದಾ ಮುಖವನ್ನು ಆಚೆ ತಿರುಗಿಸಿ, ಸೆರಗನ್ನು ಮೂಗಿಗೆ ಒತ್ತಿ ಹಿಡಿದು, ಬಿದಿರಿನ ಕೋಲಿನಿಂದ ನಿಧಾನವಾಗಿ ಕದಡಿದಳು. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಹಾಕಬಾರದು ಎಂಬುದು ಅವಳಿಗೆ ಈಗ ಬಾಯಿಪಾಠ. ಕುಮಟೆಯ ಮಹಿಳಾ ಮಂಡಳಿಯಲ್ಲಿ ಗ್ರಾಮಸೇವಿಕೆ ವಸಂತಿಬಾಯಿ ಅದನ್ನು ಮೂರು ಸಲ ಹೇಳಿದ್ದರು. ಹೇಳಿ, ತಮ್ಮ ಮಣಿಕಟ್ಟಿನ ಬಿಳಿ ಕಲೆಯೊಂದನ್ನೂ ತೋರಿಸಿದ್ದರು. ಮೈಗೆ ತಾಗಿದ ಜಾಗ ಜಾರುಜಾರಾಯಿತೆಂದರೆ ಚರ್ಮ ಕರಗಲು ಶುರುವಾಯಿತೆಂದೇ ತಿಳಿಯಬೇಕು, ಉರಿ ಆಮೇಲೆ ಬರುತ್ತದೆ, ಕೂಡಲೇ ನೀರು ಹೊಯ್ಯಬೇಕು, ಹೊಯ್ಯುತ್ತಲೇ ಇರಬೇಕು ಎಂದಿದ್ದರು.

"ಆತಾ ನಿನ್ನ ಹೋಮ?" ಎಂದು ಅತ್ತೆ ಮಹಾಲಕ್ಷ್ಮೀ ಹಿತ್ತಿಲ ಬಾಗಿಲಿನಿಂದ ಕೇಳಿದಳು. ಮಡಿಯಲ್ಲಿದ್ದಾಗ ಅವಳು ಹೊಸಿಲು ದಾಟಿ ಬರುವವಳಲ್ಲ.

"ಆತು ಅತ್ತೆ. ಇನ್ನು ತಣಿಯೂದೊಂದೇ ಬಾಕಿ."

"ತಣೀಲಿ. ಆ ಕೊಡ ಒಳಗೆ ಮಾತ್ರ ತರಡ."

ಅತ್ತೆಯ ಮಾತಿಗೆ ಕಾರಣವಿತ್ತು. ನರ್ಮದಾ ಮೊದಲ ಸಲ ಸೋಪು ಮಾಡಹೊರಟಾಗ ಅಲ್ಯುಮಿನಿಯಂ ಪಾತ್ರೆಯಲ್ಲಿ ಸೋಡಾ ಕದಡಿದ್ದಳು. ಅದು ಬುಸುಗುಟ್ಟಿ ನೊರೆಯೆದ್ದು, ಪಾತ್ರೆಯ ತಳ ಕಪ್ಪಾಗಿ ತೂತಾಯಿತು. ಎರಡನೆಯ ಸಲ ಕಬ್ಬಿಣದ ಬಾಣಲೆ ತೆಗೆದುಕೊಂಡಳು. ಬಾಣಲೆಗೆ ಏನೂ ಆಗಲಿಲ್ಲ, ಆದರೆ ಸೋಪು ಗಟ್ಟಿಯಾಗದೆ ಎಣ್ಣೆಯೆಲ್ಲ ಮೇಲೆ ತೇಲಿತು. ಆ ಬಾಣಲೆಯನ್ನು ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಅತ್ತೆ ಮತ್ತೆ ಒಲೆಯ ಹತ್ತಿರ ಸೇರಿಸಲಿಲ್ಲ. ಅಂಗಡಿಯ ಸೋಪಿನಲ್ಲಿ ದನದ ಕೊಬ್ಬಿದೆ ಎಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಅಂದಿನಿಂದ ಸೋಪು ಎಂಬ ಹೆಸರು ಹೊತ್ತದ್ದೆಲ್ಲವೂ ಅವಳಿಗೆ ಅನುಮಾನ. ತಾನು ಹಾಕುವುದು ಮನೆಯ ತೆಂಗಿನೆಣ್ಣೆ ಮಾತ್ರ ಎಂದು ನರ್ಮದಾ ಹೇಳಿ ಹೇಳಿ ಸೋತಿದ್ದಳು. ಕಡೆಗೆ ಅತ್ತೆಯೇ ಒಂದು ದಾರಿ ತೋರಿಸಿದಳು. "ಅಡುಗೆಮನೆದು ಒಂದು ಚಮಚನೂ ಮುಟ್ಟಡ. ಜಗುಲಿ ಕೆಳಗೆ ಕಾಲ್ ತೊಳೆಯೂ ಕೊಡ ಇದ್ದು. ಅದು ಹೇಂಗೂ ಹೊರಗಿಂದು, ಅದ್ನ ತಗ." ಮಡಿ ಮೈಲಿಗೆಯ ತಕರಾರಿಗೆ ಸಿಕ್ಕದ ಪಾತ್ರೆ ಆ ಮನೆಯಲ್ಲಿ ಅದೊಂದೇ ಇತ್ತು.

ಇದು ಮೂರನೆಯ ಸಲ. ಈ ಸಲವಾದರೂ ಆಗಬೇಕಿತ್ತು. ಸೋಪು ಮಾಡಲು ಕಲಿತ ಒಬ್ಬ ಹೆಂಗಸನ್ನು ಆರು ತಿಂಗಳ ತರಬೇತಿಗೆ ಧಾರವಾಡಕ್ಕೆ ಕಳಿಸುತ್ತಾರೆ, ಬಂದ ಮೇಲೆ ಕುಮಟೆಯ ಮಂಡಳಿಯಲ್ಲಿ ಅವಳಿಗೆ ಕಲಿಸುವ ಕೆಲಸ ಎಂದು ವಸಂತಿಬಾಯಿ ತಿಳಿಸಿದ್ದರು. ಬರುವ ಸೋಮವಾರ ಒಂದು ಅಚ್ಚು ಸೋಪು, ಜೊತೆಗೆ ಮನೆಯ ಯಜಮಾನನ ಒಪ್ಪಿಗೆ, ಎರಡನ್ನೂ ಅವರ ಕೈಗೆ ಕೊಡಬೇಕು. ನರ್ಮದಾಳ ಗಂಡ ವಿಷಮಜ್ವರ ಬಂದು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವಳಿಗೆ ಈಗ ಇಪ್ಪತ್ತಾರು. ಹೊಳನಗದ್ದೆಯ ಆ ಮನೆಯಲ್ಲಿ ಅವಳ ಊಟಕ್ಕೆ, ಬಟ್ಟೆಗೆ ಯಾರೂ ಕೊರತೆ ಮಾಡಿರಲಿಲ್ಲ. ಆದರೆ ಮುಂದೆ ಏನು ಮಾಡುತ್ತೀ ಎಂದು ನಾಲ್ಕು ವರ್ಷದಿಂದ ಯಾರೂ ಕೇಳಿಯೂ ಇರಲಿಲ್ಲ. ಆ ಪ್ರಶ್ನೆಯನ್ನು ಅವಳಿಗೆ ಮೊದಲು ಕೇಳಿದ್ದು ವಸಂತಿಬಾಯಿ. ಅವತ್ತಿನಿಂದ ಅವಳಿಗೆ ರಾತ್ರಿ ನಿದ್ದೆ ಸರಿಯಾಗಿ ಬಂದಿರಲಿಲ್ಲ.

ಯಜಮಾನ ಎಂದರೆ ಗಂಡನ ಅಣ್ಣ ತ್ರ್ಯಂಬಕ ಭಾವ. ಅವನು ಆಗಲಿ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. "ನಿನ್ನ ಅಪ್ಪಯ್ಯ ಬರ್ಲಿ, ಕೂತ್ಕಂಡು ಮಾತಾಡ್ವ" ಎಂದಿದ್ದ. ಅಪ್ಪಯ್ಯ, ಶಿರಾಲಿಯ ಶ್ರೀಕೃಷ್ಣ ಭಟ್ಟರು, ಇವತ್ತು ಬರುತ್ತೇನೆಂದು ಕಾರ್ಡು ಬರೆದಿದ್ದರು.

ಹಿತ್ತಿಲ ಕೊಟ್ಟಿಗೆಯ ಮೂಲೆಯಲ್ಲಿ ಗಾಳಿಯಾಡದೆ ಅವಳಿಗೆ ಕೆಮ್ಮು ಹತ್ತಿತು. ಎದುರಿನ ಅಂಗಳಕ್ಕೆ ಕಡಲ ಗಾಳಿ ಬರುತ್ತದೆ, ಅಲ್ಲಾದರೆ ಬೇಗ ತಣಿಯುತ್ತದೆ ಎಂದುಕೊಂಡು ಕೊಡವನ್ನು ಗೋಣಿಯಲ್ಲಿ ಹಿಡಿದು ಎತ್ತಿಕೊಂಡು ಹೋದಳು. ಜಗುಲಿಯ ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ ಇಟ್ಟಳು. ಧೂಳು ಬೀಳದಿರಲಿ ಎಂದು ತೆಂಗಿನ ಚಿಪ್ಪಿನ ಸೌಟನ್ನು ಬಾಯಿಗೆ ಮುಚ್ಚಿದಳು. ಮದುವೆಯಾಗಿ ಬಂದ ದಿನದಿಂದ ದಿನಾ ಬೆಳಿಗ್ಗೆ ಆ ಕೊಡ ತುಂಬಿ, ಅದೇ ಕಲ್ಲಿನ ಮೇಲಿಟ್ಟು, ಅದೇ ಚಿಪ್ಪು ಮುಚ್ಚಿದ ಕೈಗಳು ಅವು. ಕೈ ತನ್ನ ಪಾಡಿಗೆ ತನ್ನ ಕೆಲಸ ಮಾಡಿತು. ಮನಸ್ಸು ಎಣ್ಣೆಯ ಹದದಲ್ಲಿತ್ತು.

ಗಂಟೆ ಕಳೆದಿರಬೇಕು. ಅವಳು ಹಿತ್ತಿಲ ಒಲೆಯ ಮುಂದೆ ಕುಳಿತು ಎಣ್ಣೆಯನ್ನು ಬೆಚ್ಚಗೆ ಮಾಡುತ್ತಿದ್ದಾಗ ಎದುರಿನಿಂದ ತ್ರ್ಯಂಬಕನ ದನಿ ಕೇಳಿತು.

"ಬನ್ನಿ ಮಾವಾ, ಬನ್ನಿ. ಕಾಲ್ ತೊಳ್ಕಳಿ. ನೀರು ಅಲ್ಲೇ ಇದ್ದು."

"ಆತು, ಆತು. ಕುಮಟೆಯಿಂದ ನಡ್ಕಂಡೇ ಬಂದೆ. ಎಂತಾ ಬಿಸಿಲು."

ಕೊಡದ ಬಾಯಿಗೆ ಚಿಪ್ಪು ತಾಗಿದ ಸದ್ದು ಅವಳಿಗೆ ಕೇಳಿತು. ಒಂದು ಸಲ, ಇನ್ನೊಂದು ಸಲ. ಅಪ್ಪಯ್ಯ ಬಂದರು ಎಂಬ ಖುಷಿಯ ಹೊರತು ಆ ಸದ್ದಿನಿಂದ ಅವಳಿಗೆ ಬೇರೇನೂ ತೋಚಲಿಲ್ಲ. ಎಣ್ಣೆಯನ್ನು ಇಳಿಸಿಟ್ಟು, ಒಳಗಿಂದ ಚೊಂಬಿನಲ್ಲಿ ನೀರು, ಬಟ್ಟಲಲ್ಲಿ ಬೆಲ್ಲ ಹಿಡಿದು ಜಗುಲಿಗೆ ಬಂದಳು.

ಭಟ್ಟರು ಆಗಲೇ ಚಾಪೆಯ ಮೇಲೆ ಕುಳಿತಿದ್ದರು. ಶಿರಾಲಿಯಿಂದ ಬಸ್ಸು, ಹೊನ್ನಾವರದ ಹೊಳೆಗೆ ಲಾಂಚು, ಮತ್ತೆ ಬಸ್ಸು, ಮತ್ತೆ ಕಾಲುನಡಿಗೆ. ಮುಖ ಬಾಡಿತ್ತು. ಅವರು ಹುಟ್ಟಿದಂದಿನಿಂದ ಚಪ್ಪಲಿ ಮೆಟ್ಟಿದವರಲ್ಲ. ಪೂಜೆ, ತಿಥಿ, ನಾಮಕರಣ ಎಂದು ದಿನಕ್ಕೆ ಮೂರು ಊರು ನಡೆಯುವ ಕಾಲುಗಳು ಅವು. ಅವಳು ಬಗ್ಗಿ ನಮಸ್ಕಾರ ಮಾಡಹೋದಾಗ ಅವರು ಕಾಲುಗಳನ್ನು ಪಂಚೆಯೊಳಗೆ ಎಳೆದುಕೊಂಡರು.

"ಇರ್ಲಿ ಕೂಸೇ, ಬ್ಯಾಡ. ಮುಟ್ಟಡ."

ದಣಿದಿದ್ದಾರೆ ಎಂದುಕೊಂಡು ಅವಳು ಒಳಗೆ ಹೋದಳು. ಮಾತು ಶುರುವಾಯಿತು. ಎಣ್ಣೆ ಹದಕ್ಕೆ ಬಂದಿತ್ತು, ಇನ್ನು ಸೋಡಾದ ನೀರನ್ನು ಎಳೆಯಾಗಿ ಹೊಯ್ಯುತ್ತ ತಿರುವುವುದಷ್ಟೇ ಬಾಕಿ. ಕೊಡ ತರಲು ಮನೆಯ ಪಕ್ಕದಿಂದ ಸುತ್ತಿ ಅಂಗಳಕ್ಕೆ ಬಂದಳು.

ಚಿಪ್ಪು ಅಂಗಾತ ಬಿದ್ದಿತ್ತು. ಕೊಡದಲ್ಲಿ ಅರ್ಧದಷ್ಟು ಇರಲಿಲ್ಲ. ಮೆಟ್ಟಿಲ ಮೇಲೆ ಎರಡು ಹೆಜ್ಜೆಗಳು ಒದ್ದೆಯಾಗಿ ಹೊಳೆಯುತ್ತಿದ್ದವು. ಆ ಬಿಸಿಲಿಗೆ ಬರೀ ನೀರಾಗಿದ್ದರೆ ಅವು ಆಗಲೇ ಆರಿಹೋಗಬೇಕಿತ್ತು.

ನರ್ಮದಾ ಮೆಟ್ಟಿಲ ಬಳಿಯಿಂದಲೇ ತಲೆಯೆತ್ತಿ ನೋಡಿದಳು. ತ್ರ್ಯಂಬಕ ಅವಳಿಗೆ ಬೆನ್ನು ಹಾಕಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅವನ ಕಣ್ಣು ತಪ್ಪಿಸಿ ಅಪ್ಪಯ್ಯ ಚೊಂಬಿನಲ್ಲಿ ಉಳಿದ ಕುಡಿಯುವ ನೀರನ್ನು ಪಂಚೆಯ ಕೆಳಗೆ ಪಾದದ ಮೇಲೆ ಬಗ್ಗಿಸಿಕೊಳ್ಳುತ್ತಿದ್ದರು. ಅಂಗೈಯಗಲ ನೀರು, ಅಷ್ಟೇ. ಅವರಿಗೆ ಗೊತ್ತಾಗಿತ್ತು. ಸೋಡಾ ಹೇಗೆ ಜಾರುತ್ತದೆ, ಹೇಗೆ ಸುಡುತ್ತದೆ ಎಂದು ಹೋದ ತಿಂಗಳ ಕಾಗದದಲ್ಲಿ ಜಂಬದಿಂದ ಬರೆದವಳು ಅವಳೇ.

ಅವಳು ಬಾಯಿ ತೆರೆದಳು. ಅಪ್ಪಯ್ಯ ಅವಳನ್ನೇ ನೋಡಿ, ತಲೆಯನ್ನು ಸ್ವಲ್ಪವೇ ಆಡಿಸಿದರು. ಬೇಡ.

"ಆರು ತಿಂಗಳು ಹೇಳಿದ್ರೆ ಸಣ್ಣ ಮಾತಲ್ಲ ಮಾವಾ," ತ್ರ್ಯಂಬಕ ಹೇಳುತ್ತಿದ್ದ. "ಅಲ್ಲಿ ಉಳಿಯೂದು ಎಲ್ಲಿ? ಊಟ ಯಾರ ಕೈದು?"

"ಹೆಂಗಸ್ರ ವಸತಿ ಬೇರೆ ಇದ್ದು. ಅಡುಗೆ ತಾವೇ ಮಾಡ್ಕಂಬದು." ಭಟ್ಟರ ದನಿ ಮಂತ್ರ ಹೇಳುವಾಗಿನಷ್ಟೇ ಸಮವಾಗಿತ್ತು. "ಕೂಸಿನ ಚಿಕ್ಕಮ್ಮ ಧಾರವಾಡದಲ್ಲೇ ಇದ್ದು. ವಾರಕ್ಕೊಂದು ಸಲ ಹೋಗಿ ನೋಡ್ಕಂಡು ಬತ್ತು."

"ಸೋಪು ಮಾಡೂದು ನಮ್ಮವ್ರ ಕೆಲಸವಾ ಹೇಳಿ ನಾಳೆ ಯಾರಾದ್ರೂ ಕೇಳಿದ್ರೆ?"

"ಊರೂರು ತಿರುಗಿ ದಕ್ಷಿಣೆ ತಗಂಬದು ನಮ್ಮವ್ರದೇ ಕೆಲಸ. ಅದ್ರಲ್ಲಿ ನಂಗೆ ಎಂತ ಸಿಕ್ತು?"

ತ್ರ್ಯಂಬಕ ನಕ್ಕ. ನಗು ಬಂದರೆ ಅರ್ಧ ಒಪ್ಪಿದಂತೆ ಎಂದು ಅವನನ್ನು ಬಲ್ಲ ನರ್ಮದಾಳಿಗೆ ಗೊತ್ತು. ಮೆಟ್ಟಿಲಿಂದ ಬಾವಿ ಇಪ್ಪತ್ತು ಹೆಜ್ಜೆ. ಅಲ್ಲಿ ಕೊಡಪಾನ ತುಂಬಿಯೇ ಇತ್ತು. ಈಗ ಓಡಿಹೋಗಿ ನೀರು ತಂದರೆ ಭಾವ ತಿರುಗಿ ನೋಡುತ್ತಾನೆ, ನೋಡಿದ ಮೇಲೆ ಈ ಮನೆಯಲ್ಲಿ ಸೋಪಿನ ಮಾತು ಇನ್ನು ಯಾವತ್ತೂ ಏಳುವುದಿಲ್ಲ. ಅವಳು ಕಂಬ ಹಿಡಿದು ನಿಂತಳು. ಅಪ್ಪಯ್ಯನ ಹಣೆಯ ಬೆವರು ಮೂಗಿನ ತುದಿಗೆ ಇಳಿದು ನಿಂತಿತ್ತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಎರಡೂ ಕೈಗಳಿಂದ ಮೊಣಕಾಲನ್ನು ಒತ್ತಿ ಹಿಡಿದಿದ್ದರು.

"ನಮ್ಮ ಆಯಿಗೆ ವಯಸ್ಸಾತು," ತ್ರ್ಯಂಬಕ ಮತ್ತೆ ಶುರು ಮಾಡಿದ. "ಮನೆ ಕೆಲಸಕ್ಕೆ ಕೈ ಬೇಡ್ದಾ?"

"ಬೇಕು. ಬ್ಯಾಡ ಹೇಳಿ ಯಾರು ಹೇಳ್ತ? ಆರು ತಿಂಗಳಿನ ಮಾತು." ಅವರು ಉಸಿರು ತೆಗೆದುಕೊಂಡರು. "ನಾನು ಇನ್ನೆಷ್ಟು ದಿನ ಇರ್ತೆ? ನಿಮಗೂ ನಿಮ್ಮ ಮಕ್ಕ ಇದ್ದ. ಕೂಸಿಗೂ ಅದರದೇ ಒಂದು ಕೈಕೆಲಸ ಇರ್ಲಿ."

ತ್ರ್ಯಂಬಕ ಎಲೆಯನ್ನು ಮಡಿಚಿದ. ಅಡಿಕೆ ಹೋಳು ಆರಿಸಿದ. ಎಲೆಯ ತಟ್ಟೆಯನ್ನು ಭಟ್ಟರ ಕಡೆ ನೂಕಿದ. ಇಷ್ಟು ಮಾಡಲು ಒಬ್ಬ ಮನುಷ್ಯನಿಗೆ ಇಷ್ಟು ಹೊತ್ತು ಬೇಕೇ ಎಂದು ನರ್ಮದಾಳಿಗೆ ಅವನ ಮೇಲೆ ಸಿಟ್ಟು ಉಕ್ಕಿತು. ತನ್ನ ಮೇಲೆ ಬರಬೇಕಾದ ಸಿಟ್ಟು ಅದು.

"ಆತು ಮಾವಾ. ಹೋಗ್ಲಿ. ನಾಳೆ ಕಾಗದಕ್ಕೆ ನಾನು ಸಹಿ ಹಾಕ್ತೆ."

ಆ ಮಾತು ಕಿವಿಗೆ ಬಿದ್ದಾಗ ನರ್ಮದಾಳಿಗೆ ಸಂತೋಷವಾಯಿತು. ಅರೆಗಳಿಗೆಯ ಸಂತೋಷ, ಆದರೆ ಆದದ್ದು ಹೌದು. ಆಮೇಲೆ ಅವಳು ಓಡಿದಳು. ಕೊಡಪಾನ ತಂದು, ಭಾವನ ಎದುರಿಗೇ ಅಪ್ಪಯ್ಯನ ಪಂಚೆ ಸರಿಸಿ, ಪಾದಗಳ ಮೇಲೆ ನೀರು ಸುರಿದಳು. ಬೆರಳ ಸಂದಿಗಳಲ್ಲಿ ಚರ್ಮ ಬಿಳುಪಾಗಿ ಮೆತ್ತಗಾಗಿತ್ತು. ನೀರಿನೊಡನೆ ಒಂದು ಪದರ ಜಾರಿ ಬಂತು, ಕೆಳಗೆ ಹಸಿ ಕೆಂಪು ಕಂಡಿತು. ಭಟ್ಟರು ಆಗ ಮಾತ್ರ "ರಾಮಾ" ಎಂದರು, ಮೆಲ್ಲಗೆ.

"ಎಂತ ಇದು? ಎಂತ ಆತು?" ತ್ರ್ಯಂಬಕ ಎದ್ದುನಿಂತ.

"ಕಾಲ್ ತೊಳೆಯೂ ಕೊಡ," ಎಂದಳು ನರ್ಮದಾ.

ಸದ್ದು ಕೇಳಿ ಒಳಗಿನಿಂದ ಅತ್ತೆ ಬಂದಳು. ಒಂದು ಸಲ ಕೊಡದ ಕಡೆ ನೋಡಿದಳು, ಒಂದು ಸಲ ಭಟ್ಟರ ಕಾಲುಗಳ ಕಡೆ. ಮರಳಿ ಹೋಗಿ, ತನ್ನ ಒಪ್ಪತ್ತಿನ ಊಟಕ್ಕೆ ಇಟ್ಟಿದ್ದ ಮಜ್ಜಿಗೆಯ ಪಾತ್ರೆಯನ್ನೇ ಎತ್ತಿಕೊಂಡು ಬಂದಳು. ಮಡಿಯಲ್ಲಿ ಮಕ್ಕಳನ್ನು ಕೂಡ ಮುಟ್ಟದ ಆ ಹೆಂಗಸು ಜಗುಲಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಭಟ್ಟರ ಹಿಮ್ಮಡಿಯನ್ನು ಅಂಗೈಯಲ್ಲಿ ಎತ್ತಿ ಹಿಡಿದು, ಮಜ್ಜಿಗೆ ಹೊಯ್ದಳು.

"ಅಕ್ಕಾ, ನೀವು ಮಡೀಲಿ ಇದ್ರಿ," ಎಂದರು ಭಟ್ಟರು ಕಾಲೆಳೆದುಕೊಳ್ಳುತ್ತ.

"ಸುಮ್ನಿರಿ. ಆ ಕೊಡ ಕೊಟ್ಟದ್ದು ನಾನು." ಸೊಸೆಯ ಕಡೆ ತಿರುಗಿದಳು. "ಎಂತ ನೋಡ್ತಾ ನಿಂತ್ಯೇ? ನೀರು ಹೊಯ್ಯಿ, ಇನ್ನೂ ಹೊಯ್ಯಿ."

ಗದ್ದೆಯಲ್ಲಿದ್ದ ಆಳು ಮಾಸ್ತಿ ಬಂದು ಗಾಡಿ ಕಟ್ಟಿದ. ಕುಮಟೆಯ ಡಾಕ್ಟರ ಹತ್ತಿರ ಹೋಗುವುದೆಂದಾಯಿತು. ತ್ರ್ಯಂಬಕನೇ ಭಟ್ಟರನ್ನು ಎತ್ತಿ ಗಾಡಿಯಲ್ಲಿ ಕೂರಿಸಿದ. ಅವನ ಮುಖ ಕಪ್ಪಿಟ್ಟಿತ್ತು.

"ಬೆಂಕಿ ಮೇಲೆ ಕೂತ ಹಾಂಗೆ ಕೂತ್ಕಂಡಿದ್ರಲಿ ಮಾವಾ. ಒಂದು ಮಾತು ಹೇಳೂಲೆ ಆಗ್ತಿತ್ತಿಲ್ಯಾ?"

"ಮಾತು ಅರ್ಧಕ್ಕೆ ನಿಂತ್ರೆ ಮತ್ತೆ ಶುರು ಆಗ್ತಿತ್ತಿಲ್ಲೆ." ಭಟ್ಟರು ಗಾಡಿಯ ಗೂಟ ಹಿಡಿದುಕೊಂಡರು. "ನೀವು ಹೇಳಿದ್ದು ಹೇಳಿದ ಹಾಂಗೇ ಅಲ್ದಾ?"

ತ್ರ್ಯಂಬಕ ತಡವಾಗಿ ತಲೆಯಾಡಿಸಿದ. "ಸಹಿ ಹಾಕ್ತೆ," ಎಂದ.

ಗಾಡಿ ಹೊರಟಿತು. ಆ ಕಾಲುಗಳು ಮತ್ತೆ ಎಂದು ನಡೆಯುತ್ತವೆ, ನಡೆಯದಿದ್ದರೆ ಶಿರಾಲಿಯ ಮನೆಯ ಒಲೆ ಹೇಗೆ ಹೊತ್ತುತ್ತದೆ ಎಂದು ಯಾರೂ ಕೇಳಲಿಲ್ಲ. ಹಿತ್ತಿಲಲ್ಲಿ ಎಣ್ಣೆ ಆರಿ ತಣ್ಣಗಾಗಿತ್ತು. ನರ್ಮದಾ ಉಳಿದ ಸೋಡಾದ ನೀರನ್ನು ದೂರದಲ್ಲಿ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿದಳು, ಕೊಡವನ್ನು ಅದರ ಮೇಲೆಯೇ ಒಡೆದಳು.

ಇಳಿಹೊತ್ತಿಗೆ ಅತ್ತೆ ಎರಡನೆಯ ಸಲ ಸ್ನಾನ ಮಾಡಿ ಬಂದಳು. ಬಯ್ಯುತ್ತಾಳೆಂದು ನರ್ಮದಾ ಕಾದಳು, ಬಯ್ಯಲಿ ಎಂದೇ ಕಾದಳು. ಅತ್ತೆ ಬಯ್ಯಲಿಲ್ಲ. "ಅಟ್ಟದ ಮೇಲೆ ಹೊಸ ಕೊಡ ಇದ್ದು. ಬಾಗಿಲಲ್ಲಿ ನೀರು ಇಲ್ದೆ ಇರೂಲೆ ಆಗ," ಎಂದಷ್ಟೇ ಹೇಳಿದಳು.

ನರ್ಮದಾ ಹೊಸ ಕೊಡವನ್ನು ತೊಳೆದು, ಬಾವಿಯ ನೀರು ತುಂಬಿ, ಕಲ್ಲಿನ ಮೇಲಿಟ್ಟಳು. ಚಿಪ್ಪು ಮುಚ್ಚಿದಳು. ಮೆಟ್ಟಿಲ ಮೇಲಿನ ಎರಡು ಹೆಜ್ಜೆಗಳು ಇನ್ನೂ ಪೂರ್ತಿ ಆರಿರಲಿಲ್ಲ. ಅವಳು ಒಳಗೆ ಹೋಗದೆ ಅಂಗಳ ದಾಟಿ ಬೇಲಿಯ ದಣಪೆಯವರೆಗೆ ಹೋದಳು. ಅಲ್ಲಿಂದ ತಿರುಗಿ, ದೂರದಿಂದ ಬಂದ ನೆಂಟರ ಹಾಗೆ ನಿಧಾನವಾಗಿ ಮನೆಯತ್ತ ನಡೆದು ಬಂದಳು. ಮೆಟ್ಟಿಲ ಕೆಳಗೆ ನಿಂತು, ಚಿಪ್ಪಿನಲ್ಲಿ ನೀರೆತ್ತಿ ಒಂದು ಪಾದಕ್ಕೆ ಹೊಯ್ದಳು, ಇನ್ನೊಂದಕ್ಕೆ ಹೊಯ್ದಳು. ಆಮೇಲೆ ಆ ಎರಡು ಹೆಜ್ಜೆಗಳ ಪಕ್ಕದಲ್ಲಿ ಕಂಬ ಹಿಡಿದು, ಅಪ್ಪಯ್ಯ ಉರಿ ತಡೆದು ಮಾತಾಡುತ್ತಿದ್ದಾಗ ಎಷ್ಟು ಹೊತ್ತು ನಿಂತಿದ್ದಳೋ ಅಷ್ಟೂ ಹೊತ್ತು ನಿಂತಳು.