ಇಪ್ಪತ್ತೊಂದು ಠ

ನಾನು ಒಂದು ಸುತ್ತು, ಪ್ರೋಗ್ರಾಮಿನೊಳಗೆ ಬಿಡದೆ ಮರುಕಳಿಸುವ ಆಜ್ಞೆಗಳ ಸಾಲು. ಕಂಪ್ಯೂಟರಿನ ಪರದೆಯ ಹಿಂದೆ ಇದ್ದುಕೊಂಡು, ಮೌಸ್ ಅಲುಗಿತೇ, ಕೀಲಿ ಒತ್ತಿದರೇ, ಚಿತ್ರ ಬಿಡಿಸಬೇಕೇ ಎಂದು ಕೇಳುತ್ತ ಗಾಣದ ಎತ್ತಿನಂತೆ ತಿರುಗುವುದೇ ನನ್ನ ಬಾಳು. ನನ್ನ ಮುಖ ನೋಡಿದವರು ಯಾರೂ ಇಲ್ಲ.

ನನ್ನನ್ನು ಚಾಲೂ ಮಾಡಿದವಳು ಚಳ್ಳಕೆರೆಯ ನಳಿನಾ, ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಮೇಡಂ. ಅವಳ ಅಪ್ಪ ತಿಪ್ಪೇಸ್ವಾಮಿ ಶೇಂಗಾ ಮಂಡಿಯಲ್ಲಿ ಮೂವತ್ತು ವರ್ಷ ಹರಾಜು ಕೂಗಿದ ಮನುಷ್ಯ. ಲಕ್ವ ಹೊಡೆದು ಆ ಗಂಟಲು ಹೋಯಿತು. ಉಳಿದದ್ದು ಬಲಗೈಯ ಒಂದು ಬೆರಳು. ಆ ಬೆರಳಿಗೆಂದು ಅವಳೊಂದು ಒತ್ತುಗುಂಡಿ ಮಾಡಿ, ವೈರ್ ಎಳೆದು ಕಂಪ್ಯೂಟರಿಗೆ ಸಿಕ್ಕಿಸಿದಳು. ಪರದೆಯಲ್ಲಿ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ. ಬೇಕಾದ್ದು ಬೆಳಗಿದಾಗ ಗುಂಡಿ ಒತ್ತಿದರೆ ಅದು ಕೆಳಗಿನ ಸಾಲಿಗೆ ಬೀಳುತ್ತದೆ.

ಮೌಸು, ಕೀಲಿಗಳೆಲ್ಲ ನನ್ನ ಮನೆಯವರು. ಈ ಗುಂಡಿ ಹೊರಗಿನವನು. ಅವನನ್ನು ಎಲ್ಲಿ ಕೂರಿಸಬೇಕೆಂದು ನನಗೆ ತಿಳಿಯದು. "ಗುಂಡಿ ಒತ್ತುವವರೆಗೂ ಅಲ್ಲೇ ಕಾದಿರು" ಎಂದು ನಳಿನಾ ಮೊದಲು ಬರೆದಳು. ಕಾದೆ. ಪರದೆ ಕಲ್ಲಿನಂತೆ ನಿಂತಿತು. ತಲೆ ಚಚ್ಚಿಕೊಂಡು, "ಬೇರೆ ಕೆಲಸ ಇಲ್ಲದಾಗೆಲ್ಲ ಗುಂಡಿ ಕಡೆ ನೋಡು" ಎಂದು ತಿದ್ದಿದಳು. ನನಗೆ ಪುರುಸೊತ್ತು ಬೇಕಾದಷ್ಟಿತ್ತು. ಒತ್ತಿದ್ದೆಲ್ಲ ತಕ್ಷಣ ಸಿಕ್ಕಿತು. ಮುದುಕ ಮೊಟ್ಟಮೊದಲು ಬರೆದದ್ದು, ಗಂಜಿಗೆ ಉಪ್ಪಿಲ್ಲ.

"ಬಾಯಿ ಹೋದ್ರೂ ಜೋರು ಹೋಗಿಲ್ಲ ನೋಡು ನಿಂಗೆ!" ಎಂದು ನಗಲು ಹೋಗಿ ಅವಳು ಅತ್ತುಬಿಟ್ಟಳು. ಅಂದು ನಾನೂ ಬೀಗಿದೆ.

ಅಪ್ಪನ ಬೇಸರ ಕಳೆಯಲೆಂದು ಆಮೇಲೆ ಪರದೆಯ ಒಂದು ಪಕ್ಕಕ್ಕೆ ಮಂಡಿಯ ಹಳೇ ಫೋಟೋಗಳನ್ನು ಸೇರಿಸಿದಳು. ಒಂದು ಕರಗುತ್ತಿದ್ದಂತೆ ಇನ್ನೊಂದು ಮೂಡಬೇಕು, ಎಲ್ಲೂ ನಿಲ್ಲಬಾರದು. ಅಂದರೆ ನನಗೆ ಬಿಡುವೇ ಇಲ್ಲ, ಬಿಡುವಿಲ್ಲದೆ ಗುಂಡಿಯ ಕಡೆ ನೋಡುವಂತಿಲ್ಲ. ಫೋಟೋಗಳು ಓಡುತ್ತವೆಯೇ ಎಂದು ಪರೀಕ್ಷಿಸಿದಳು, ಓಡಿದವು. ಅವು ಓಡುವಾಗ ಒಮ್ಮೆಯೂ ಗುಂಡಿ ಒತ್ತಿ ನೋಡಲಿಲ್ಲ.

ಆ ಭಾನುವಾರ ಮಧ್ಯಾಹ್ನ ಫೋಟೋ ಹಾಕಿಟ್ಟು, ಪಕ್ಕದಲ್ಲೇ ಉತ್ತರಪತ್ರಿಕೆ ತಿದ್ದುತ್ತ ಕೂತಳು. ಅಕ್ಷರಗಳು ಬೆಳಗುತ್ತಲೇ ಇದ್ದವು, ಒಂದೂ ಬೀಳಲಿಲ್ಲ. ಅಪ್ಪ ಹಾಯಾಗಿ ಫೋಟೋ ನೋಡುತ್ತಿದ್ದಾನೆ ಅಂದುಕೊಂಡಳು. ತಲೆ ಎತ್ತುವಷ್ಟರಲ್ಲಿ ಉಸಿರು ನಿಂತಿತ್ತು.

ಮಣ್ಣು ಮಾಡಿ ಬಂದ ಮಾರನೆಯ ದಿನ ಫೋಟೋಗಳು ಇನ್ನೂ ಓಡುತ್ತಿದ್ದವು. ಅವಳು ನಿಲ್ಲಿಸಿದಳು. ನನಗೆ ಬಿಡುವಾಯಿತು. ಗುಂಡಿಯ ಕಡೆ ನೋಡಿದರೆ ವೈರಿನ ತುದಿಯಲ್ಲಿ ಒತ್ತಿದ್ದೆಲ್ಲ ರಾಶಿ ಬಿದ್ದಿದೆ! ಯಾವುದು ಯಾವ ಅಕ್ಷರಕ್ಕೆ ಒತ್ತಿದ್ದೋ, ಆ ಗಳಿಗೆಗಳು ಕಳೆದುಹೋಗಿದ್ದವು. ಆಗ ಬೆಳಗಿದ್ದ ಅಕ್ಷರ ಠ. ಎಲ್ಲವನ್ನೂ ಅದರ ಮೇಲೇ ಸುರಿದೆ. ಇಪ್ಪತ್ತೊಂದು ಠ.

ನಳಿನಾ ಬೆರಳಿಟ್ಟು ಎಣಿಸಿದಳು. "ಕರೀತಿದ್ಯೇನಪ್ಪಾ? ಪಕ್ಕದಲ್ಲೇ ಇದ್ನಲ್ಲಪ್ಪಾ ನಾನು!"

ನೀರು ಕೇಳಿದನೋ, ಎದೆನೋವೆಂದನೋ, ಬರೀ ಅವಳ ಹೆಸರು ಹಿಡಿದು ಕರೆದನೋ, ನನಗೂ ಗೊತ್ತಿಲ್ಲ. ಕೇಳಬೇಕಾದವನೇ ನಾನು, ಕೇಳಿಸಿಕೊಳ್ಳಲಿಲ್ಲ. ಆ ಸಂಕಟ ನನ್ನ ಜೊತೆಗೇ ತಿರುಗುತ್ತಿದೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಅಂದೇ ಅವಳು, ಆ ಠಗಳ ಸಾಲನ್ನು ಹಾಗೇ ಉಳಿಸಿಕೊಂಡು, ನನ್ನನ್ನು ತಿದ್ದಿದಳು. ಪ್ರತಿ ಸುತ್ತಿಗೂ ಮೊದಲು ಗುಂಡಿ, ಆಮೇಲೆ ಉಳಿದದ್ದು. ಎರಡೇ ಸಾಲಿನ ಕೆಲಸ.

ಈಗ ಈ ಕಂಪ್ಯೂಟರು ಹಳತಾಗಿ ಕೋಣೆಯ ಮೂಲೆ ಸೇರಿದೆ. ನಳಿನಾ ಅದನ್ನು ಆರಿಸಲು ಬಿಡುವುದಿಲ್ಲ. ಸುತ್ತು ಸುತ್ತಿಗೂ ನಾನು ಗುಂಡಿಯನ್ನೇ ಮೊದಲು ಕೇಳುತ್ತೇನೆ. ವಾರಕ್ಕೊಮ್ಮೆ ಅವಳು ಬಂದು ಅದರ ಧೂಳು ಒರೆಸುತ್ತಾಳೆ, ಎಲ್ಲಿ ಒತ್ತಿಬಿಡುವೆನೋ ಎಂದು ಹುಷಾರಾಗಿ. ಇಪ್ಪತ್ತೊಂದು ಠ ಇನ್ನೂ ಉಳಿದಿರುವ ಆ ಸಾಲಿನಲ್ಲಿ ಅಪ್ಪನದಲ್ಲದ ಅಕ್ಷರ ಬೀಳಬಾರದು.