ಗಾಜಿನ ಪೆಟ್ಟಿಗೆಯ ಕಂದು ನೀರು

“ಈ ನೀರಿಗೆ ಏನ ಹಾಕ್ಯಾರ?”

ಜಿನಮತಿ ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ನಿಪ್ಪಾಣಿಯಿಂದ ಬಂದವಳು ಚಪ್ಪಲಿ ಕಳಚಿದ್ದೇ ಪಡಸಾಲೆಗೆ ನುಗ್ಗಿದ್ದಳು. ಬಿಳಿ ಬಟ್ಟೆ ಹೊದ್ದು ಮಲಗಿದ್ದ ತಮ್ಮ ಕಾಕಾಸಾಹೇಬನ ಮುಖ ನೋಡಿ ಅಳಲು ಬಾಯಿ ತೆರೆದವಳ ಕಣ್ಣು, ಅವನ ತಲೆಯ ಹಿಂದಿದ್ದ ಮೀನಿನ ಗಾಜಿನ ಪೆಟ್ಟಿಗೆಯ ಮೇಲೆ ಬಿತ್ತು. ನೀರು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತ್ತು. ಒಳಗೆ ಮರದ ಒಂದು ಕರಿಯ ಬೇರು ಕೈ ಚಾಚಿದಂತೆ ಕೂತಿತ್ತು. ಮೀನು ಒಂದೂ ಕಾಣಲಿಲ್ಲ.

ಅವಳು ಬಗ್ಗಿ ತಮ್ಮನ ಗಲ್ಲ ಸವರಿದಳು. ತುಟಿಯ ಅಂಚಿನಲ್ಲಿ ಅದೇ ಬಣ್ಣದ ಗೆರೆ ಒಣಗಿತ್ತು. ಬನಿಯನ್ನಿನ ಕೊರಳಲ್ಲಿಯೂ ಅದೇ ಕಲೆ.

“ಹೆಂಗ ಆತು?”

ಕಂಬಕ್ಕೆ ಒರಗಿ ಕೂತಿದ್ದ ತಮ್ಮನ ಹೆಂಡತಿ ಮಂಗಲ ಜಪಮಣಿಯಿಂದ ಕಣ್ಣೆತ್ತಲಿಲ್ಲ. ಆ ಕಣ್ಣುಗಳು ಒಣಗಿದ್ದವು. “ಮುಂಜಾನೆ ಮೀನಿನ ನೀರ ತಗ್ಯಾಕ ಕುಂತ್ರು ಅಕ್ಕಾರ. ಹಂಗ ಕುಸದ್ರು. ಡಾಕ್ಟರ ಬಂದ ನೋಡಿ, ಎದಿ ನಿಂತೈತಿ ಅಂದ್ರು.”

“ಡಾಕ್ಟರ ಒಳಗ ಬಂದ್ನೋ, ಬಾಗಲಾಗಿಂದನ ನೋಡಿ ಹೋದ್ನೋ?”

ಮಂಗಲ ಮುಂದಿನ ಮಣಿ ಸರಿಸಿದಳು. ಒಳಮನೆಯಲ್ಲಿ ಹೆಂಗಸರ ಣಮೋಕಾರ ಮಂತ್ರ ಸಣ್ಣ ದನಿಯಲ್ಲಿ ಸಾಗಿತ್ತು. ಮನೆತನದ ಹಿರಿಯ ರಾಜಾರಾಮ ಹತ್ತಿರ ಬಂದ. “ಏಳವಾ ಜಿನಮತಿ. ಹೊತ್ತ ಏರಾಕತ್ತೈತಿ. ಒಯ್ಯೂಣು.”

“ಯಾಕ ಕಾಕಾ, ಅಷ್ಟ ಅವಸರ?”

“ಅವಸರ ಅಲ್ಲವಾ. ನಮ್ಮ ಧರ್ಮ ನಿನಗ ಹೇಳಿಕೊಡಬೇಕೇನ? ಉಸಿರ ಹೋದ ದೇಹದಾಗ ಗಳಿಗಿ ಗಳಿಗಿಗೆ ಹೊಸಾ ಜೀವ ಹುಟ್ತಾವ. ಇಟ್ಟಷ್ಟೂ ಹಿಂಸಾ.”

ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ದಾರಿಗೆಂದು ತಂದಿದ್ದ ನೀರಿನ ಬಾಟಲಿಯನ್ನು ತುಳಸಿಕಟ್ಟೆಯ ಬುಡಕ್ಕೆ ಸುರಿದು ಬಂದು, ಎಲ್ಲರೂ ನೋಡುತ್ತಿರುವಂತೆಯೇ ಗಾಜಿನ ಪೆಟ್ಟಿಗೆಯಲ್ಲಿ ಅದ್ದಿ ತುಂಬಿಕೊಂಡು, ಬಿರಡೆ ಬಿಗಿದು, ಚೀಲಕ್ಕೆ ಹಾಕಿಕೊಂಡಳು.

*

ಕಾಕಾಸಾಹೇಬ ಮೂವತ್ತು ವರ್ಷ ಸದಲಗಾದ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷಿಸಿದವನು. ಹಾಲಿನಲ್ಲಿ ಗಾಜಿನ ಕಡ್ಡಿ ತೇಲಬಿಟ್ಟು, ಅದು ಎಷ್ಟು ಮುಳುಗಿತೆಂದು ಬಗ್ಗಿ ನೋಡಿ, ನೀರು ಬೆರೆಸಿದ್ದನ್ನು ಹಿಡಿಯುತ್ತಿದ್ದ. ಒಂದು ಮುಂಜಾನೆ ಸ್ವಂತ ತಾಯಿಯ ಕ್ಯಾನಿಗೂ ಕಡ್ಡಿ ಬಿಟ್ಟ.

“ಅವ್ವಾ, ಇದರಾಗ ನೀರೈತಿ.”

“ಲೇ, ನಿನಗ ಕುಡಿಸಿದ ಹಾಲಿನಾಗೂ ನೀರಿತ್ತೇನೋ?”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅವನು ನಗಲಿಲ್ಲ. ಕ್ಯಾನು ಮರಳಿ ಮನೆಗೆ ಬಂತು. ಚರಿಗೆ ತೊಳೆದ ನೀರನ್ನೂ ಅದರಲ್ಲೇ ಸುರಿದಿದ್ದೆನೆಂದು ತಾಯಿ ಮಗಳ ಮುಂದೆ ಮಾತ್ರ ಒಪ್ಪಿಕೊಂಡಳು. ಅಂದಿನಿಂದ ಜಿನಮತಿಗೆ ಒಂದು ನಂಬಿಕೆ: ತಮ್ಮ ಸಂಶಯಪಟ್ಟ ಕಡೆ ಏನೋ ಇದ್ದೇ ಇರುತ್ತದೆ.

ಕಳೆದ ಮಳೆಗಾಲದಲ್ಲಿ ದೂಧಗಂಗೆಯ ನೆರೆ ಅವನ ಅಂಗಳದವರೆಗೂ ಬಂದು ಇಳಿದಿತ್ತು. ದನದ ಬಾನಿಯಲ್ಲಿ ಆರು ಮೀನಿನ ಮರಿ ಉಳಿದಿದ್ದವು. ಅವು ಅಡಗಿ ಕೂತಿದ್ದ ಒಂದು ಹಳೆಯ ಬೇರೂ ಇತ್ತು. ಮೀನು ಸಾಯಬಾರದೆಂದು ಅವನು ಚಿಕ್ಕೋಡಿಯಿಂದ ಗಾಜಿನ ಪೆಟ್ಟಿಗೆ ತಂದು, ಬೇರಿನ ಸಮೇತ ಒಳಗಿಟ್ಟ. ಹೊಳೆ ತಿಳಿಯಾದ ಮೇಲೆ ಬಿಡುತ್ತೇನೆ ಅಂದವನು, ಹೊಳೆ ತಿಳಿಯಾದರೂ ಬಿಡಲಿಲ್ಲ. ಡೇರಿ ಬಿಟ್ಟ ಮೇಲೆ ಬಗ್ಗಿ ನೋಡಲು ಅವನಿಗೂ ಒಂದು ಗಾಜು ಬೇಕಿತ್ತೇನೋ.

ಹದಿನೈದು ದಿನದ ಹಿಂದೆ ಫೋನು ಮಾಡಿದ್ದ. “ಅಕ್ಕಾ, ದಿನಾ ನೀರ ಬದಲಿ ಮಾಡ್ತೀನಿ. ಮರುದಿನಾ ಮತ್ತ ಚಹಾದಂಗ ಆಗಿರ್ತೈತಿ. ಮನ್ಯಾಗ ಯಾರೋ ಏನೋ ಹಾಕಾಕತ್ತಾರ.”

“ಮನ್ಯಾಗ ಇರವ್ರ ನೀವಿಬ್ಬರ ಅಲ್ಲೇನೋ?”

“ಅದಕ್ಕ ಹೇಳಾಕತ್ತೀನಿ,” ಅಂದಿದ್ದ.

*

ಹಿತ್ತಲಲ್ಲಿ ಬಿದಿರು ಕಟ್ಟುವ ಸಪ್ಪಳ ಕೇಳುತ್ತಿತ್ತು. ಜಿನಮತಿ ಅಲ್ಲಿಗೆ ಹೋದಳು. ಬಚ್ಚಲ ಹತ್ತಿರ ಒಂದು ಹಿತ್ತಾಳೆ ಪಾತ್ರೆ ಬೋರಲು ಹಾಕಿತ್ತು. ಎತ್ತಿ ನೋಡಿದರೆ ಒಳಮೈಯೆಲ್ಲ ಕಂದು ಕಲೆ. ಏನೋ ಕಷಾಯ ಕಾಸಿದ ಪಾತ್ರೆಯಂತಿತ್ತು.

ಪಕ್ಕದ ಮನೆಯ ಲಕ್ಕವ್ವ ಗೋಡೆಯ ಆಚೆಯಿಂದ ಇಣುಕಿದಳು. “ಅಕ್ಕಾರ, ನನ್ನ ಬಾಯಿ ಸುಮ್ಮನಿರೂದಿಲ್ರಿ. ದಿನಾ ಮುಂಜಾನೆ ಮಂಗಲವ್ವ ಕರೀ ನೀರಿನ ಕೊಡಾ ಹೊತಗೊಂಡ ಹೊಳಿಗೆ ಹೋಗ್ತಾಳ. ಮನಿ ಮುಂದ ಗಟಾರ ಐತಿ, ಚೆಲ್ಲಿದ್ರ ಆತಲ್ಲ? ಕೊಡದ ಬಾಯಿಗೆ ಬಟ್ಟಿ ಬ್ಯಾರೆ ಕಟ್ಟಿರ್ತಾಳ!”

ತುಟಿಯ ಗೆರೆ, ಪಾತ್ರೆಯ ಕಲೆ, ಕದ್ದು ಸಾಗಿಸಿದ ಕೊಡ, ತಮ್ಮನ ಫೋನು. ಅವಳು ಪಡಸಾಲೆಗೆ ಬರುವಷ್ಟರಲ್ಲಿ ನಾಲ್ವರು ಹೆಣ ಎತ್ತಲು ಬಗ್ಗಿದ್ದರು.

“ಮುಟ್ಟಬ್ಯಾಡ್ರಿ!” ಬಾಗಿಲಿಗೆ ಅಡ್ಡ ನಿಂತು ಬಾಟಲಿ ಎತ್ತಿ ಹಿಡಿದಳು. “ಇದ ಏನಂತ ಗೊತ್ತಾಗೂತನಾ ನನ್ನ ತಮ್ಮ ಹೊರಗ ಹೋಗೂದಿಲ್ಲ. ಚಿಕ್ಕೋಡಿ ದವಾಖಾನಿಗೆ ಒಯ್ಯೂಣು. ಕೊಯ್ದ ನೋಡ್ಲಿ.”

ಒಳಗಿನ ಣಮೋಕಾರ ನಿಂತಿತು.

“ಜಿನಮತಿ! ಯಾರ ಮ್ಯಾಲ ಮಾತಾಡಾಕತ್ತಿ, ಖಬರ ಐತೇನ?” ಅಂದ ರಾಜಾರಾಮ. ಆದರೆ ಅವನೂ ಬಾಟಲಿ ನೋಡಿದ, ಹೆಣದ ತುಟಿ ನೋಡಿದ, ಕೊನೆಗೆ ಮಂಗಲಳ ಕಡೆ ತಿರುಗಿದ. ಎಲ್ಲರೂ ತಿರುಗಿದರು.

“ಅದು ಬೇರಿನ ಬಣ್ಣರಿ,” ಅಂದಳು ಮಂಗಲ.

“ಬೇರಿಂದು? ಹೊಳ್ಯಾಗ ವರ್ಷಾನಗಟ್ಲೆ ತೊಳದ ಬೇರು! ಅದರಾಗ ಇನ್ನೇನ ಬಣ್ಣ ಉಳದೈತಿ?”

ಮಂಗಲ ಮೊದಲ ಸಲ ಜಿನಮತಿಯ ಮುಖವನ್ನು ನೇರವಾಗಿ ನೋಡಿದಳು. “ಅವರೂ ಹಿಂಗ ಅಂತಿದ್ರು.”

ಅಷ್ಟರಲ್ಲಿ ಹೊಸಿಲ ಹೊರಗೆ ಮೋಟರ್ ಸೈಕಲ್ಲು ನಿಂತಿತು. ಚಿಕ್ಕೋಡಿಯ ಮೀನಿನ ಪೆಟ್ಟಿಗೆಯ ಅಂಗಡಿಯ ಅಮೋಲ. ಒಂದು ಕೈಯಲ್ಲಿ ಹೂವಿನ ಹಾರ, ಇನ್ನೊಂದರಲ್ಲಿ ಅರಿವೆಯ ಗಂಟು. ಬಾಗಿಲಿಗೆ ಅಡ್ಡ ನಿಂತ ಜಿನಮತಿಯನ್ನು ಕಂಡು ಅವನು ಗಾಬರಿಯಾದ. “ಕಾಕಾ ಇವತ್ತ ಬಾ ಅಂದಿದ್ರರಿ. ನೀರಿಗೆ ಹಾಕಾಕ ಇದ್ದಲಿ ತಂದೀನ್ರಿ. ಇದ್ದಲಿ ಬಣ್ಣಾ ಹೀರ್ತೈತಿ. ದಾರ್ಯಾಗ ಸುದ್ದಿ ತಿಳೀತ್ರಿ.”

“ಆ ಬಣ್ಣ ಯಾತರದು?” ಎಂದು ರಾಜಾರಾಮ ಕೇಳಿದ.

“ಬೇರಿಂದರಿ. ಹೊಳ್ಯಾಗಿನ ಹಳೇ ಕಟಗಿ ಆದ್ರೂ, ಪೆಟ್ಟಿಗ್ಯಾಗ ನಿಂತ ನೀರಿಗೆ ಹಾಕಿದ್ರ ತಿಂಗಳಗಟ್ಲೆ ಬಣ್ಣಾ ಬಿಡ್ತೈತಿ. ಕುದಸ್ರಿ ಕಾಕಾ, ಲಗೂನ ಹೋಗ್ತೈತಿ ಅಂತ ಹತ್ತ ಸಲ ಹೇಳಿದೆ. ‘ಅದರ ಸಂದ್ಯಾಗ ಎಷ್ಟ ಜೀವ ಅದಾವೋ, ಕುದಿಯೂ ನೀರಿಗೆ ಹಾಕ್ಲೇನೋ?’ ಅಂದ್ರು. ಹಂಗಾರ ಹೊರಗ ತಗದ ಬ್ಯಾರೆ ನೀರಾಗ ನೆನಿ ಹಾಕ್ರಿ ಅಂದ್ರ, ‘ಮೀನ ಅದರ ಆಸರಾ ಬಿಟ್ಟ ಇರೂದಿಲ್ಲ.’ ಹಂಗಾರ ಬಿಡ್ರಿ, ಆ ಬಣ್ಣದಿಂದ ಮೀನಿಗೇನೂ ಆಗೂದಿಲ್ಲ ಅಂದ್ರ, ‘ತಿಳಿ ಇಲ್ಲದ ನೀರ ನಂಬಬಾರದು’ ಅಂದ್ರು. ಇನ್ನ ಉಳದದ್ದು ದಿನಾ ಕಾಲಭಾಗ ನೀರ ಬದಲಿ ಮಾಡೂದು. ಪೈಪ ಬಾಯಾಗ ಹಿಡದ ನೀರ ಎಳೀತಿದ್ರು. ಪಂಪ ತರ್ತೀನಿ ಅಂದ್ರ, ಅದರಾಗ ಮೀನ ಸಿಗ್ತಾವ ಅಂತಿದ್ರು.”

“ಹಿತ್ತಲದಾಗಿನ ಪಾತ್ರಿ?” ಜಿನಮತಿಯ ದನಿ ಇಳಿದಿತ್ತು.

“ಅದೂ ನಾನ ಹೇಳಿದ್ದರಿ. ಬೇರಿಂದ ಅಂದ್ರ ನಂಬಲಿಲ್ಲ, ಹಂಗಾರ ನೀವ ಪರೀಕ್ಷಾ ಮಾಡಿ ನೋಡ್ರಿ ಅಂದೆ. ಕೊನಿಗೆ ಮನಸ ಮಾಡಿ ಮೊನ್ನಿ ಆ ಬೇರ ಒಂದ ದಿನಾ ತಿಳಿ ನೀರಿನ ಪಾತ್ರ್ಯಾಗ ಇಟ್ಟ, ಮ್ಯಾಲ ತಾಟ ಮುಚ್ಚಿ, ಕೀಲಿ ಹಾಕಿದ ಖೋಲ್ಯಾಗ ಇಟ್ಟಿದ್ರಂತ. ನಿನ್ನಿ ಫೋನ ಹಚ್ಚಿ, ‘ಹೌದೋ, ಬೇರಿಂದ’ ಅಂದ್ರು.”

ಅಮೋಲ ಒಳಗೆ ಬಂದು ಮೊಬೈಲಿನ ಬೆಳಕನ್ನು ಗಾಜಿಗೆ ಹಿಡಿದ. ಬೇರಿನ ಸಂದಿಯಿಂದ ಒಂದು ಮೀನು ಹೊರಬಂತು. ಆಮೇಲೆ ಇನ್ನೊಂದು. ಗೋಡೆ ಬಳಸಿ ಒಳಗೆ ಬಂದಿದ್ದ ಲಕ್ಕವ್ವ ಎಣಿಸಿದಳು. ಆರೂ ಇದ್ದವು. “ಯವ್ವಾ, ವಿಷಾ ಆಗಿದ್ರ ಮೊದಲ ಇವ ಸಾಯಬೇಕಿತ್ತಲ್ಲರಿ,” ಅಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಜಿನಮತಿ ಬಾಗಿಲು ಬಿಟ್ಟು ಸರಿದಳು. ನಾಲ್ವರು ಕಾಕಾಸಾಹೇಬನನ್ನು ಎತ್ತಿದರು. ಅವಳು ಎಬ್ಬಿಸಿದ ಮಾತಿನಿಂದ ಅವನು ಹೊರಡುವುದು ಒಂದು ತಾಸು ತಡವಾಗಿತ್ತು.

*

ಗಂಡಸರು ಹೋದ ಮೇಲೆ ಹೆಂಗಸರು ಪಡಸಾಲೆ ತೊಳೆದರು. ಜಿನಮತಿ ಪೆಟ್ಟಿಗೆಯ ಮುಚ್ಚಳ ಸರಿಸಿ ನೋಡಿದಳು. ಮುಚ್ಚಳದಿಂದ ಗಾಜಿನ ಅಂಚಿನವರೆಗೆ ಸುಣ್ಣದ ಕಡ್ಡಿಯಿಂದ ಎಳೆದ ಗೆರೆಯ ಗುರುತಿತ್ತು. ಯಾರೋ ಒದ್ದೆ ಹೆಬ್ಬೆರಳಿನಿಂದ ಉಜ್ಜಿ ಅಳಿಸಿದ್ದರು.

“ದಿನಾ ಮಲಗೂ ಮುಂದ ಎಳೀತಿದ್ರು,” ಹಿಂದಿನಿಂದ ಮಂಗಲ ಅಂದಳು. “ನಾ ಮುಚ್ಚಳಾ ತಗದ್ರ ಗೊತ್ತಾಗ್ಲಿ ಅಂತ. ಒಂದ ತಿಂಗಳ ನೋಡಿದೆ. ಯಾಕ ಅಂತ ನಾ ಕೇಳಲಿಲ್ಲ. ನಿನ್ನಿ ತಾವ ಅಳಿಸಿದ್ರು.”

“ಏನಾರ ಅಂದ್ನೇನ?”

“ಇಲ್ಲ. ಅಳಿಸಿ, ಚಹಾ ಮಾಡ ಅಂದ್ರು.”

ಗೋಡೆಯ ಬದಿಗೆ ಅವನು ಮುಂಜಾನೆ ಎಳೆದ ನೀರು ಕೊಡದಲ್ಲಿ ಅರ್ಧದಷ್ಟಿತ್ತು. ಮಂಗಲ ಅದರ ಬಾಯಿಗೆ ಬಟ್ಟೆ ಕಟ್ಟತೊಡಗಿದಳು. ಆ ಬೆರಳುಗಳನ್ನು ನೋಡುತ್ತ ಜಿನಮತಿಗೆ ತಾಯಿ ಕಣ್ಣ ಮುಂದೆ ಬಂದಳು. ನೀರು ಸೋಸಿ, ಬಟ್ಟೆ ಮಗುಚಿ, ಅದರ ಮೇಲೆ ನೀರು ಸುರಿದು, ಸಿಕ್ಕಿಬಿದ್ದ ಜೀವಗಳನ್ನು ಅದೇ ಬಾವಿಗೆ ಇಳಿಸುತ್ತಿದ್ದ ತಾಯಿ. ಯಾವ ನೀರಿನ ಜೀವ ಆ ನೀರಿಗೇ ಹೋಗಬೇಕು. ಬೇರು ಹೊಳೆಯದು, ಮೀನು ಹೊಳೆಯದು. ಅವುಗಳ ನೀರು ಗಟಾರಕ್ಕೆ ಹೇಗೆ ಹೋದೀತು? ನಿಪ್ಪಾಣಿಯ ಮನೆಗೆ ನಳ ಬಂದಾಗಿನಿಂದ ಜಿನಮತಿ ಹಾಗೆ ಸೋಸಿ ಜೀವ ಇಳಿಸುವುದನ್ನು ಬಿಟ್ಟೇಬಿಟ್ಟಿದ್ದಳು.

ಚೀಲದಿಂದ ಬಾಟಲಿ ತೆಗೆದು, ಬಟ್ಟೆ ಸರಿಸಿ, ಕೊಡಕ್ಕೆ ಸುರಿದಳು. ಕೊನೆಯ ಹನಿಯನ್ನೂ ತಟ್ಟಿ ಹಾಕಿದಳು.

“ಮಂಗಲ, ಇವತ್ತ ನೀ ಹೊಸಿಲಾ ದಾಟಬಾರದು. ಮಂದಿ ಏನಂದಾರು? ಕೊಡಾ ನನ್ನ ಕಡೆ ಕೊಡ. ನಾ ಹೊಳಿಗೆ ಬಿಟ್ಟ ಬರ್ತೀನಿ.”

ಮಂಗಲ ಬಟ್ಟೆಯ ಗಂಟನ್ನು ಇನ್ನೊಮ್ಮೆ ಬಿಗಿದಳು. ಬಗ್ಗಿ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡಳು. ನೀರು ತುಳುಕಿ, ಬೆಳಿಗ್ಗೆಯಷ್ಟೇ ಉಟ್ಟ ಬಿಳಿ ಸೀರೆಯ ಮೇಲೆ ಕಂದು ಕಲೆ ಹರಡಿತು. ಜಿನಮತಿ ಎರಡೂ ಕೈ ಚಾಚಿ ನಿಂತಿದ್ದಳು.

“ಕೊಡೂದಿಲ್ರಿ,” ಅಂದಳು ಮಂಗಲ.